ಮಲೆನಾಡಿನ ಮಳೆಯಲ್ಲಿ ಹಳೆಯ ಒಪಿನೆಲ್ ಚಾಕು

ಆಲ್ದೂರಿನ ಬಳಿಯ ನಮ್ಮ ಕಾಫಿ ತೋಟದಲ್ಲಿ ಅಪ್ಪ ಬಳಸುತ್ತಿದ್ದ ಒಪಿನೆಲ್ 8ನೇ ನಂಬರಿನ ಮಡಚುವ ಚಾಕು ಅಟ್ಟದ ಮೇಲೆ ಹತ್ತು ಮಳೆಗಾಲ ಕಳೆದಿತ್ತು. ಬೇಸಿಗೆಯಲ್ಲಿ ಅದನ್ನು ಮನೆಯಲ್ಲೇ ರಿಪೇರಿ ಮಾಡಿ, ಆಷಾಢ ಮುಗಿಯುವವರೆಗೆ ದಿನವೂ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ಈ ಬಗೆಯ ಚಾಕುವಿನಲ್ಲಿ ಸ್ಪ್ರಿಂಗ್ ಇಲ್ಲ. 8.5 ಸೆಂಟಿಮೀಟರ್ ಉದ್ದದ ಅಲಗು, ಬೀಚ್ ಮರದ ಹಿಡಿ, ಒಂದು ರಿವೆಟ್, ಲೋಹದ ಪಟ್ಟಿ, 1955ರಲ್ಲಿ ಸೇರಿಸಿದ, ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ತಿರುಗುವ ಬಳೆ, ಇಷ್ಟೇ. ಮನೆಯಲ್ಲಿ ರಿಪೇರಿ ಸಾಧ್ಯವಾದದ್ದು ಈ ಸರಳತೆಯಿಂದಲೇ.

ತೇವ ಹೀರಿದ ಮರ ಉಬ್ಬಿ ಅಲಗನ್ನು ಕಚ್ಚಿಕೊಂಡಿತ್ತು. ಅದು ಎಣ್ಣೆ ಕಾಣಿಸದೆ ಇಟ್ಟ ನಮ್ಮ ತಪ್ಪು, ಚಾಕುವಿನದಲ್ಲ. ಹಿಡಿಯ ಹಿಂತುದಿಯನ್ನು ಮಣೆಗೆ ಕುಟ್ಟಿ (ಸವೊಯ್ ಜನರ ಉಪಾಯವೂ ಇದೇ) ಅಲಗನ್ನು ಹೊರತೆಗೆದು, ಸ್ಕೂಟರ್ ಮೆಕ್ಯಾನಿಕ್ ಒಬ್ಬರಿಂದ ತಂದ ಸರ್ಕ್ಲಿಪ್ ಇಕ್ಕಳದಿಂದ ಬಳೆಯನ್ನು ಬಿಡಿಸಿದೆ. ಹುಣಸೆಹಣ್ಣಿನ ಮುದ್ದೆ ಮೆತ್ತಿ ಅರ್ಧ ಗಂಟೆ ಬಿಟ್ಟು ತಿಕ್ಕಿದಾಗ ಕೆಂಪು ತುಕ್ಕು ಹೋಯಿತು. ಉಳಿದ ಬೂದುಗಪ್ಪು ಬಣ್ಣವನ್ನು ಹಾಗೆಯೇ ಬಿಟ್ಟೆ, ಏಕೆಂದರೆ ಆ ತೆಳು ಪೊರೆ ಕಾರ್ಬನ್ ಉಕ್ಕಿಗೆ ತುಕ್ಕು ಹಿಡಿಯುವುದನ್ನು ತಕ್ಕಮಟ್ಟಿಗೆ ನಿಧಾನಗೊಳಿಸುತ್ತದೆ. ಅಲಗು ಸಾಣೆಕಲ್ಲಿಗೆ ಬೇಗ ಒಲಿಯಿತು. ಸುಮಾರು 20 ಡಿಗ್ರಿ ಓರೆಯಲ್ಲಿ ಎರಡೂ ಬದಿ ಮಸೆದರೆ ಸಾಕು.

ಹೆಚ್ಚು ತಾಳ್ಮೆ ಬೇಡಿದ್ದು ಹಿಡಿ. ಅದನ್ನು ಒಂದು ವಾರ ನೆರಳಿನಲ್ಲಿ ಒಣಗಿಸಿ, ಸೀಳಿನ ಒಳಬದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಅಗಸೆ ಎಣ್ಣೆಯನ್ನು ತೆಳುವಾಗಿ ನಾಲ್ಕು ಸಲ, ಪ್ರತಿ ಸಲವೂ ಪೂರ್ತಿ ಒಣಗಲು ಬಿಟ್ಟು ಹಚ್ಚಿದೆ. ಮನೆಯಲ್ಲಿ ಕೈಗೆ ಸಿಗುವ ಕೊಬ್ಬರಿ ಎಣ್ಣೆ ಇಲ್ಲಿ ಉಪಯೋಗವಿಲ್ಲ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಮರದ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಕೊಬ್ಬರಿ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ.

ಮೆಣಸಿನ ಬಳ್ಳಿಗೆ ಕಟ್ಟಿದ ಹಗ್ಗ ಕೊಯ್ಯುವುದರಿಂದ ಹಿಡಿದು ಹಲಸಿನ ತೊಳೆ ಬಿಡಿಸುವವರೆಗೆ ಚಾಕು ಚೆನ್ನಾಗಿ ನಡೆಯುತ್ತಿದೆ. ಬಳಸಿದ ಕೂಡಲೇ ಒರೆಸುವ ಅಭ್ಯಾಸ ಇಲ್ಲದವರಿಗೆ ಇದೇ ಚಾಕುವಿನ ತುಕ್ಕು ಹಿಡಿಯದ ಉಕ್ಕಿನ ಮಾದರಿಯೇ ವಾಸಿ. ಮಸೆಯುವುದರಲ್ಲಿ ಸುಖ ಕಾಣುವವರಿಗೆ ನಾನು ಕಾರ್ಬನ್ ಅಲಗನ್ನೇ ಹೇಳುತ್ತೇನೆ. ಸವೆದ ಬಳೆ ಇನ್ನೂ ತುಸು ಸಡಿಲವಿದೆ, ಅದನ್ನು ಬದಲಿಸಬೇಕು. ಆದರೆ ಈ ಮಳೆಗಾಲದಲ್ಲಿ ಅಲಗು ಒಂದು ದಿನವೂ ಹಿಡಿಯೊಳಗೆ ಸಿಕ್ಕಿಕೊಳ್ಳಲಿಲ್ಲ.