ಒಣ ಎಲೆಗಳ ಫೋಟೊಗೆ ಎ4 ಎಲ್‌ಇಡಿ ಪ್ಯಾಡ್: ಎರಡು ಮಳೆಗಾಲದ ಬಳಿಕ

ಬೆಳಕು ತಗ್ಗಿಸಿದರೆ ಫೋಟೊ ತುಂಬ ಪಟ್ಟೆ. ಚಿತ್ರ ನಕಲು ತೆಗೆಯಲೆಂದು ಮಾರುವ, ಅಡಿಯಿಂದ ಬೆಳಕು ಕೊಡುವ ಈ ಚಪ್ಪಟೆ ಪ್ಯಾಡಿನ ದೊಡ್ಡ ದೋಷ ಇದೇ. ಗುಂಡಿ ಒತ್ತಿ ಇಳಿಸಿದಾಗ ಅದು ಮಂಕಾಗುವುದಿಲ್ಲ, ಕಣ್ಣಿಗೆ ತಿಳಿಯದ ವೇಗದಲ್ಲಿ ಆರಿ ಹೊತ್ತುತ್ತಿರುತ್ತದೆ. ಮೊಬೈಲ್ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಆರಿದ ಗಳಿಗೆಯ ಸಾಲುಗಳು ಕಪ್ಪಾಗಿ ಬರುತ್ತವೆ. ಹಾಗಾಗಿ ಪ್ಯಾಡ್ ಯಾವಾಗಲೂ ಪೂರ್ತಿ ಬೆಳಕಿನಲ್ಲೇ ಇರಲಿ. ತೆಳು ಎಸಳಿಗೆ ಅದು ಹೆಚ್ಚೆನಿಸಿದರೆ ಎರಡು ಬಟರ್ ಪೇಪರ್ ಹಾಸಿ. ಬೆಳಕು ಇಳಿಸಲೇಬೇಕಾದರೆ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100, ಶಟರ್ 1/15 ಸೆಕೆಂಡ್ ಅಥವಾ ಇನ್ನೂ ನಿಧಾನ. ಸ್ಟ್ಯಾಂಡ್, 2 ಸೆಕೆಂಡಿನ ಟೈಮರ್ ಬೇಕು. ಫ್ಯಾನ್ ಬಂದ್.

ಎಲೆಯನ್ನು ನೇರ ಪ್ಯಾಡಿನ ಮೇಲೆ ಇಟ್ಟರೆ ಪ್ಯಾಡಿನೊಳಗೆ ಬೆಳಕು ಹರಡುವ ಚುಕ್ಕಿಗಳೂ ಫೋಟೊದಲ್ಲಿ ಮೂಡುತ್ತವೆ. ನಾಲ್ಕು ಮೂಲೆಗೆ 3 ಸೆಂ.ಮೀ. ಎತ್ತರದ ಮರದ ತುಂಡು, ಮೇಲೆ 3 ಮಿ.ಮೀ. ಹಾಲುಬಣ್ಣದ ಅಕ್ರಿಲಿಕ್ ಹಾಳೆ. ಅಷ್ಟಾದರೆ ಚುಕ್ಕಿ ಮಾಯ. ಎಲೆಯ ಸುತ್ತ 2 ಸೆಂ.ಮೀ. ಮಾತ್ರ ಬಿಟ್ಟು ಉಳಿದದ್ದನ್ನು ಕಪ್ಪು ಚಾರ್ಟ್ ಪೇಪರಿನಿಂದ ಮುಚ್ಚಬೇಕು. ಇಲ್ಲದಿದ್ದರೆ ಹೊರಗಿನ ಬೆಳಕು ಲೆನ್ಸಿಗೆ ನುಗ್ಗಿ ನರಗಳ ಕಪ್ಪು ಬೂದುಬಣ್ಣವಾಗುತ್ತದೆ. ಬಿಳಿ ಹಿನ್ನೆಲೆ ಕಂಡ ಕ್ಯಾಮೆರಾ ತಾನಾಗಿ ಚಿತ್ರವನ್ನು ಕಪ್ಪಾಗಿಸುತ್ತದೆ, ಎಕ್ಸ್‌ಪೋಶರ್ (ಬೆಳಕಿನ ಹೊಂದಾಣಿಕೆ) +1.3ರಿಂದ ಶುರುಮಾಡಿ, ಎಸಳಿನ ಅಂಚು ಬಿಳಿಯಲ್ಲಿ ಕರಗುವ ಮೊದಲೇ ನಿಲ್ಲಿಸಿ.

ಕಾಸರಗೋಡಿನ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತಪ್ಪು ಪ್ಯಾಡಿನದ್ದಲ್ಲ, ಎಲೆಯದ್ದು. ಪೇಪರಿನ ನಡುವೆ ಒತ್ತಿಟ್ಟಾಗ ಮೊದಲ ಮೂರ್ನಾಲ್ಕು ದಿನ ದಿನವೂ ಪೇಪರ್ ಬದಲಿಸದಿದ್ದರೆ ಬೂಷ್ಟು ಖಂಡಿತ. ಒಣಗಿದ ಎಲೆಯೂ ಗಾಳಿಯ ತೇವ ಹೀರಿ ಅಂಚು ಮೇಲೆತ್ತುತ್ತದೆ. ಆ ಭಾಗ ಫೋಕಸ್ ತಪ್ಪುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಿಂದ ಒಂದೊಂದಾಗಿ ತೆಗೆದು ಕೂಡಲೇ ಫೋಟೊ ಹಿಡಿಯುವುದು ಒಳ್ಳೆಯದು. ಅಕ್ರಿಲಿಕ್ ಹಾಳೆಯನ್ನು ಪ್ರತಿ ಎಲೆಗೂ ಮೊದಲು ಮೆತ್ತಗಿನ ಕುಂಚದಿಂದ ಗುಡಿಸಿ. ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಧೂಳೂ ಇನ್ನಷ್ಟು ಅಂಟುತ್ತದೆ.

ಇಷ್ಟೆಲ್ಲ ಕಿರಿಕಿರಿಯ ನಡುವೆಯೂ ಪ್ಯಾಡನ್ನು ಮೂಲೆಗೆ ಹಾಕಲು ಮನಸ್ಸು ಬರುವುದಿಲ್ಲ. ಪಾರೆಯ (ಮುರಕಲ್ಲಿನ ಬಯಲಿನ) ಬದಿಯಲ್ಲಿ ಬೆಳೆಯುವ ನೆಕ್ಕರೆ ಗಿಡದ ಎಲೆ ಇಟ್ಟು ನೋಡಿ: ಬುಡದಿಂದ ತುದಿಗೆ ಬಿಲ್ಲಿನಂತೆ ಬಾಗಿದ ನರಗಳು, ನಡುವೆ ಏಣಿಯ ಮೆಟ್ಟಿಲಿನಂಥ ಅಡ್ಡನರಗಳು. ಕರಿಬೇವಿನ ಎಲೆಯಲ್ಲಿ ಸೂಜಿ ಚುಚ್ಚಿದಂತೆ ಬೆಳಗುವ ಚುಕ್ಕಿಗಳು ಎಣ್ಣೆಯ ಗ್ರಂಥಿಗಳು. ನಿಂಬೆಯ ಕುಟುಂಬದ ಗುರುತೇ ಅದು. ಇದನ್ನು ಮೇಲಿನಿಂದ ಬೀಳುವ ಯಾವ ಬೆಳಕೂ ಇಷ್ಟು ಸ್ಪಷ್ಟವಾಗಿ ತೋರಿಸದು. ಹಲಸಿನಂಥ ದಪ್ಪ ಎಲೆಗೆ ಮಾತ್ರ ಪ್ಯಾಡಿನ ಬೆಳಕು ಸಾಲದು.

ಸಾವಿರ ರೂಪಾಯಿಯ ಆಸುಪಾಸಿನ ಬಜೆಟ್ಟಿಗೆ ಇದೇ ಸಾಕು. ಯುಎಸ್‌ಬಿಯ 5 ವೋಲ್ಟಿನಲ್ಲೇ ಓಡುವುದರಿಂದ ಗುಡುಗು ಬಂದು ಕರೆಂಟ್ ಹೋದರೂ ಪವರ್‌ಬ್ಯಾಂಕಿನಲ್ಲಿ ಕೆಲಸ ಸಾಗುತ್ತದೆ. ಆರಿಸಿ ಮತ್ತೆ ಹೊತ್ತಿಸಿದಾಗ ಬೆಳಕು ಪೂರ್ತಿ ಇದೆಯೇ ಎಂದು ಮಾತ್ರ ಪ್ರತಿ ಸಲ ನೋಡಿಕೊಳ್ಳಿ.