ಬೆಲ್ಲದ ಮಂಡಿ ಲೆಕ್ಕಕ್ಕೆ ಆರ್‌ಡಿಎಸ್ ವಾಸಿಯೋ, ಕ್ಲೌಡ್ ಎಸ್‌ಕ್ಯೂಎಲ್ ವಾಸಿಯೋ?

ಮಂಡ್ಯದ ಬೆಲ್ಲದ ಮಂಡಿಯೊಂದರ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಕೂತು ಮಾಡುವುದು ಮೈಸೂರಿನಲ್ಲಿ. ಡೇಟಾಬೇಸ್ ಮೊದಲು ಮಂಡಿಯ ಕಂಪ್ಯೂಟರಿನಲ್ಲೇ ಇತ್ತು. ಈಗ ಅದನ್ನು ಕ್ಲೌಡಿಗೆ ಏರಿಸಬೇಕಿತ್ತು. ಅಮೆಜಾನ್‌ನ ಆರ್‌ಡಿಎಸ್ ಮತ್ತು ಗೂಗಲ್‌ನ ಕ್ಲೌಡ್ ಎಸ್‌ಕ್ಯೂಎಲ್, ಎರಡೂ ಡೇಟಾಬೇಸ್ ಸರ್ವರನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವ ಸೇವೆಗಳು. ಎರಡನ್ನೂ ಮುಂಬೈ ರೀಜನ್ನಿನಲ್ಲಿ ತೆರೆದೆ. ಎರಡರಲ್ಲೂ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್. ಹಳೇ ಸೀಸನ್ನಿನ ಲೆಕ್ಕವನ್ನು ರೈತರ ಹೆಸರು ತೆಗೆದು ತುಂಬಿಸಿದೆ.

ಬ್ಯಾಕಪ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಎರಡೂ ದಿನಕ್ಕೊಂದು ತಾವೇ ತೆಗೆಯುತ್ತವೆ. ನನಗೆ ಬೇಕಿದ್ದದ್ದು ವಾಪಸ್ ತರುವ ಕಥೆ. ಅದಕ್ಕೇ ಬೇಕಂತಲೇ ಕೆಡಿಸಿದೆ. ಬೆಳಗ್ಗೆ 11:11ಕ್ಕೆ 'ವೇರ್' (ಯಾವ ಸಾಲು ಬದಲಿಸಬೇಕು ಅನ್ನುವ ಷರತ್ತು) ಇಲ್ಲದ ಒಂದು ಅಪ್‌ಡೇಟ್ ಕಮಾಂಡ್ ಓಡಿಸಿದೆ. ಅಚ್ಚು, ಬಕೆಟ್, ಕುರಿಕಟ್ಟು, ಎಲ್ಲ ಬೆಲ್ಲಕ್ಕೂ ಒಂದೇ ರೇಟು ಕೂತಿತು. 11:10ರ ಸ್ಥಿತಿಗೆ ಹೋಗಬೇಕು, ಅಷ್ಟೇ ಪರೀಕ್ಷೆ.

ಆರ್‌ಡಿಎಸ್‌ನಲ್ಲಿ ಮೊದಲು ಗೊತ್ತಿರಬೇಕಾದ ವಿಷಯ: ಇದ್ದ ಸರ್ವರಿನ ಮೇಲೆ ಅದು ಏನನ್ನೂ ಬರೆಯುವುದಿಲ್ಲ. ಪ್ರತಿ ಸಲವೂ ಹೊಸ ಸರ್ವರ್ ಎಬ್ಬಿಸುತ್ತದೆ. ವಿಳಾಸವೂ ಹೊಸದು. ಪ್ರತಿ ಬದಲಾವಣೆಯನ್ನೂ ಬರೆದಿಡುವ ಟ್ರಾನ್ಸಾಕ್ಷನ್ ಲಾಗ್ 5 ನಿಮಿಷಕ್ಕೊಮ್ಮೆ ಅಮೆಜಾನ್‌ನ ಫೈಲ್ ಉಗ್ರಾಣವಾದ ಎಸ್3ಗೆ ಹೋಗುವುದರಿಂದ, ಕೆಟ್ಟ ತಕ್ಷಣ ಹಿಂದಿನ ನಿಮಿಷ ಸಿಗದೇ ಇರಬಹುದು. ಸ್ವಲ್ಪ ತಡೆಯಬೇಕು. ಕಮಾಂಡ್ ಲೈನ್‌ನಲ್ಲಿ ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಕೊಡಬೇಕು: ನಮ್ಮ 11:10 ಅಂದರೆ ಅಲ್ಲಿ 05:40. ಗಾಬರಿಯಲ್ಲಿ ಐದೂವರೆ ಗಂಟೆ ಕಳೆಯುವ ಲೆಕ್ಕ ತಲೆಗೆ ಹತ್ತುವುದಿಲ್ಲ, ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಹೊಸ ಸರ್ವರ್ ಎದ್ದಿತು. ರೇಟುಗಳೆಲ್ಲ ಸರಿಯಿದ್ದವು. ಆದರೆ ತಮಾಷೆ ಇರುವುದು ಇಲ್ಲಿ. ನಾವು ಹೆಸರು ಕೊಡದಿದ್ದರೆ ಹೊಸ ಸರ್ವರಿಗೆ ಡೀಫಾಲ್ಟ್ ಪ್ಯಾರಾಮೀಟರ್ ಗ್ರೂಪ್ (ಡೇಟಾಬೇಸಿನ ಸೆಟ್ಟಿಂಗುಗಳ ಕಟ್ಟು) ಅಂಟಿಕೊಳ್ಳುತ್ತದೆ, ಯಾರು ಒಳಗೆ ಬರಬಹುದು ಅಂತ ಹೇಳುವ ಸೆಕ್ಯೂರಿಟಿ ಗ್ರೂಪೂ ಡೀಫಾಲ್ಟೇ. ಸೆಕ್ಯೂರಿಟಿ ಗ್ರೂಪ್ ತಪ್ಪಿದರೆ ಕನೆಕ್ಷನ್ನೇ ಬರುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ಪ್ಯಾರಾಮೀಟರ್ ತಪ್ಪಿದರೆ ಗೊತ್ತೇ ಆಗುವುದಿಲ್ಲ. ನಮ್ಮ ಗ್ರೂಪಿನಲ್ಲಿ ಟೈಮ್‌ಜೋನ್ ಕೋಲ್ಕತಾಗೆ ಇಟ್ಟಿದ್ದೆ, ಡೀಫಾಲ್ಟಿನಲ್ಲಿ ಅದು ಯುಟಿಸಿ. ಮಂಡಿಗೆ ಬೆಲ್ಲದ ಗಾಡಿ ಬೆಳಗಿನ ಜಾವವೇ ಬರುತ್ತದೆ. ಯುಟಿಸಿಯಲ್ಲಿ ನಮ್ಮ ಐದೂವರೆ ತನಕ ಹಿಂದಿನ ದಿನವೇ ನಡೆಯುತ್ತಿರುತ್ತದೆ. ಟ್ರಯಲ್ ಬಿಲ್ ನೋಡುತ್ತಿದ್ದ ಗುಮಾಸ್ತರು ಒಂದೇ ಸಲಕ್ಕೆ ಹಿಡಿದರು: "ಸಾರ್, ಈ ಗಾಡಿ ನಿನ್ನೇದಲ್ಲ, ಇವತ್ತು ನಾಲ್ಕೂವರೇಲಿ ಇಳಿಸಿದ್ದು. ತಾರೀಖು ಯಾಕೆ ಹಿಂದಕ್ಕೆ ಹೋಯ್ತು?" ಎರಡು ಗ್ರೂಪುಗಳ ಹೆಸರನ್ನೂ ರಿಸ್ಟೋರ್ ಕಮಾಂಡಿನಲ್ಲೇ ಬರೆದುಬಿಟ್ಟರೆ ಈ ತಲೆನೋವಿಲ್ಲ.

ಇನ್ನೊಂದು ಮಾತು. ಸರ್ವರ್ 'ಅವೈಲಬಲ್' ಅಂದಾಗ ಡೇಟಾ ಪೂರ್ತಿ ಇಳಿದಿರುವುದಿಲ್ಲ. ಹಿಂದಿನಿಂದ ಎಸ್3ಯಿಂದ ಬರುತ್ತಿರುತ್ತದೆ, ಅದಕ್ಕೇ ಮೊದಲ ಸಲ ಮುಟ್ಟಿದ ಟೇಬಲ್ ನಿಧಾನ. ದೊಡ್ಡ ರಿಪೋರ್ಟನ್ನು ಆಗಲೇ ತೆಗೆಯಲು ಹೋಗಬೇಡಿ.

ಕ್ಲೌಡ್ ಎಸ್‌ಕ್ಯೂಎಲ್ ಈ ವಿಷಯದಲ್ಲಿ ಸುಲಭ. ನಿಮಿಷ ಹೇಳಿದರೆ ಅದೂ ಹೊಸ ಸರ್ವರನ್ನೇ ಮಾಡುತ್ತದೆ, ಆದರೆ ಅದು ಹಳೇದರ ಕ್ಲೋನ್ (ಪಡಿಯಚ್ಚು) ಆದ್ದರಿಂದ ಫ್ಲ್ಯಾಗುಗಳು, ಅಂದರೆ ಇಲ್ಲಿನ ಸೆಟ್ಟಿಂಗುಗಳು, ಮೆಷಿನ್ ಸೈಜು ಜೊತೆಗೇ ಬರುತ್ತವೆ. ತಾರೀಖು ಸರಿಯಾಗಿತ್ತು. ಐಪಿ ಮಾತ್ರ ಹೊಸದು. ಅಂಗಡಿಯಲ್ಲಿ ಒಬ್ಬರೇ ಎಲ್ಲ ನೋಡಿಕೊಳ್ಳುವವರಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಇದರಲ್ಲಿ ಆರ್‌ಡಿಎಸ್‌ನಲ್ಲಿಲ್ಲದ ಒಂದು ಬಟನ್ ಇದೆ: ರಾತ್ರಿಯ ಬ್ಯಾಕಪ್ಪನ್ನು ಅದೇ ಸರ್ವರಿನ ಮೇಲೆ ಹಾಕುವುದು. ವಿಳಾಸ ಬದಲಾಗುವುದಿಲ್ಲ, ಚೆನ್ನಾಗಿಯೇ ಕಾಣುತ್ತದೆ. ಬೆಳಗ್ಗೆಯಿಂದ ಬರೆದ ಬಿಲ್ಲೆಲ್ಲ ಹೋಗಿರುತ್ತದೆ, ಅಷ್ಟೇ! ಬಾಡಿಗೆ ಮನೆಯ ಕೀಲಿ ಕೊಟ್ಟಷ್ಟು ಸಲೀಸಾಗಿ ಆ ಪರ್ಮಿಷನ್ ಯಾರಿಗೂ ಕೊಡಬೇಡಿ.

ಸೆಟ್ಟಿಂಗ್ ಬದಲಿಸುವಾಗಲೂ ಎರಡರ ಸ್ವಭಾವ ಬೇರೆ. ಮ್ಯಾಕ್ಸ್ ಕನೆಕ್ಷನ್ಸ್ (ಒಟ್ಟಿಗೆ ಎಷ್ಟು ಕನೆಕ್ಷನ್ ಬರಬಹುದು) ಥರದ್ದನ್ನು ಬದಲಿಸಿದರೆ ಆರ್‌ಡಿಎಸ್ 'ರೀಬೂಟ್ ಬಾಕಿ' ಅಂತ ಬರೆದುಕೊಂಡು ಸುಮ್ನೆ ಕಾಯುತ್ತದೆ. ಕ್ಲೌಡ್ ಎಸ್‌ಕ್ಯೂಎಲ್ ಸೇವ್ ಒತ್ತಿದ ಕೂಡಲೇ ರೀಸ್ಟಾರ್ಟ್ ಆಗುತ್ತದೆ. ಎಚ್ಚರಿಕೆ ಕೊಟ್ಟೇ ಮಾಡುತ್ತದೆ, ಆದರೆ ಹರಾಜು ನಡೆಯುವಾಗ ಎಚ್ಚರಿಕೆ ಓದುವವರು ಯಾರು?

ಹಾಗಾದರೆ ಮಂಡಿಗೆ ಯಾವುದು? ಆರ್‌ಡಿಎಸ್ ಇಟ್ಟೆ. ಕಾರಣ ದಿನಗಳ ಲೆಕ್ಕ. ಆರ್‌ಡಿಎಸ್‌ನಲ್ಲಿ 35 ದಿನದವರೆಗೆ ಯಾವ ನಿಮಿಷಕ್ಕೆ ಬೇಕಾದರೂ ಹಿಂದೆ ಹೋಗಬಹುದು. ಕ್ಲೌಡ್ ಎಸ್‌ಕ್ಯೂಎಲ್‌ನ ಎಂಟರ್‌ಪ್ರೈಸ್ ದರ್ಜೆಯಲ್ಲಿ ಅದು 7 ದಿನ, 35 ಬೇಕಾದರೆ ಜಾಸ್ತಿ ದುಡ್ಡಿನ ಎಂಟರ್‌ಪ್ರೈಸ್ ಪ್ಲಸ್‌ಗೆ ಹೋಗಬೇಕು. ಅಲ್ಲಿ ದಿನದ ಬ್ಯಾಕಪ್ಪುಗಳನ್ನು 365ರವರೆಗೆ ಇಟ್ಟುಕೊಳ್ಳಬಹುದು, ನಿಜ. ಆದರೆ ಮಂಡಿಯಲ್ಲಿ ತಪ್ಪು ಹೊರಬರುವುದು ರೈತ ಪಟ್ಟಿ ಹಿಡಿದು ದುಡ್ಡಿಗೆ ಬಂದಾಗ. ಅಷ್ಟರಲ್ಲಿ ಎರಡು ಮೂರು ವಾರ ಕಳೆದಿರುತ್ತದೆ. 11 ಗಂಟೆಗೆ ಕೆಟ್ಟ ಲೆಕ್ಕಕ್ಕೆ ಹಿಂದಿನ ರಾತ್ರಿಯ ಬ್ಯಾಕಪ್ ತೆಗೆದರೆ ಆ ಬೆಳಗ್ಗೆ ಬರೆದದ್ದು ಅದರಲ್ಲಿ ಇರುವುದಿಲ್ಲ, ಅಲ್ವಾ?

ಹೀಗೆ ತಡವಾಗಿ ಸಿಕ್ಕ ತಪ್ಪಿಗೆ ಪೂರ್ತಿ ಹಿಂದಕ್ಕೆ ಹೋಗುವಂತಿಲ್ಲ. ಹೊಸ ಸರ್ವರಿನಿಂದ ಆ ಒಂದು ಟೇಬಲನ್ನು ಪಿಜಿಡಂಪ್‌ನಲ್ಲಿ (ಪೋಸ್ಟ್‌ಗ್ರೆಸ್ ಡೇಟಾವನ್ನು ಫೈಲಾಗಿ ತೆಗೆಯುವ ಸಾಧನ) ತೆಗೆದು, ಬೇರೆ ಹೆಸರಿನಲ್ಲಿ ಹಳೇ ಸರ್ವರಿಗೆ ತಂದು, ಕೆಟ್ಟ ಸಾಲುಗಳನ್ನಷ್ಟೇ ಸರಿ ಮಾಡಬೇಕು. ಎರಡು ಕಡೆಯೂ ದಾರಿ ಇದೇ. ಸರ್ವರೇ ಪೂರ್ತಿ ಬದಲಿಸಬೇಕಾದಾಗ ಆರ್‌ಡಿಎಸ್‌ನಲ್ಲಿ ಒಂದು ಅನುಕೂಲವಿದೆ: ಹಳೇದರ ಹೆಸರು ಬದಲಿಸಿ, ಅದರ ಹೆಸರನ್ನು ಹೊಸದಕ್ಕೆ ಕೊಟ್ಟರೆ ವಿಳಾಸ ಮೊದಲಿನದೇ ಆಗುತ್ತದೆ. ಮಂಡಿಯ ಕಂಪ್ಯೂಟರುಗಳಲ್ಲಿ ಏನೂ ಮುಟ್ಟಬೇಕಿಲ್ಲ. ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿ ಸರ್ವರಿನ ಹೆಸರು ಬದಲಿಸಲು ಬರುವುದಿಲ್ಲ.

ಮಂಡಿಯ ಕಂಪ್ಯೂಟರಿನ ಪಿಜಿಡಂಪ್ ಅಭ್ಯಾಸವನ್ನು ಮಾತ್ರ ಬಿಟ್ಟಿಲ್ಲ. ಆರ್‌ಡಿಎಸ್ ಸ್ನ್ಯಾಪ್‌ಶಾಟನ್ನು, ಅಂದರೆ ಅದು ತೆಗೆದಿಡುವ ಬ್ಯಾಕಪ್ಪನ್ನು, ಫೈಲಿನಂತೆ ಇಳಿಸಿಕೊಂಡು ಡಿಸ್ಕಿನಲ್ಲಿಡಲು ಆಗುವುದಿಲ್ಲ. ಮಾಲೀಕರಿಗೆ ಕೈಯಲ್ಲಿ ಹಿಡಿಯುವಂಥ ಒಂದು ಕಾಪಿ ಬೇಕು, ಅದು ನ್ಯಾಯವೇ.

ನೀವೂ ಹೀಗೆ ಪರೀಕ್ಷೆ ಮಾಡುವುದಾದರೆ, ಮುಗಿದ ಮೇಲೆ ಟ್ರಯಲ್ ಸರ್ವರುಗಳನ್ನು ಡಿಲೀಟ್ ಮಾಡಿ. ಆರ್‌ಡಿಎಸ್‌ನಲ್ಲಿ ಬರೀ ಸ್ಟಾಪ್ ಒತ್ತಿದರೆ 7 ದಿನಕ್ಕೆ ಅದು ತಾನಾಗಿಯೇ ಮತ್ತೆ ಶುರುವಾಗುತ್ತದೆ, ಬಿಲ್ಲೂ ಶುರುವಾಗುತ್ತದೆ.