ಥಯೋಫ್ಲೇವಿನ್ ಟಿ: ವೈರಸ್ ಜೀನೋಮ್‌ನ ಮಡಿಕೆ ತೋರಿಸುವ ಹಳದಿ ಪುಡಿ, ಕಲಬುರಗಿಯ ಬಿಸಿಲಿನಲ್ಲಿ

ಕಲಬುರಗಿ, ಬೀದರ್ ಕಡೆಯ ಕಾಲೇಜು ಲ್ಯಾಬ್‌ಗಳು ಥಯೋಫ್ಲೇವಿನ್ ಟಿ ಎಂಬ ಈ ಡೈಯನ್ನು (ಬಣ್ಣವನ್ನು) ಧೈರ್ಯವಾಗಿ ತರಿಸಿಕೊಳ್ಳಬಹುದು. ವೈರಸ್ ಜೀನೋಮ್‌ನ ಯಾವ ತುಣುಕು ಜಿ-ಕ್ವಾಡ್ರುಪ್ಲೆಕ್ಸ್ ಆಗಿ ಮಡಚಿಕೊಳ್ಳುತ್ತದೆ ಎಂದು ಪತ್ತೆ ಮಾಡುವುದಕ್ಕೆ ಇಷ್ಟು ಅಗ್ಗವಾಗಿ, ಇಷ್ಟು ಬೇಗ ಉತ್ತರ ಕೊಡುವ ವಸ್ತು ಸಿಗುವುದು ಕಷ್ಟ. ಯಾವ ಅಣು ಔಷಧವಾದೀತು ಎಂಬುದನ್ನು ಮಾತ್ರ ಇದೊಂದನ್ನೇ ನಂಬಿ ತೀರ್ಮಾನಿಸಬಾರದು.

ಜಿ-ಕ್ವಾಡ್ರುಪ್ಲೆಕ್ಸ್ ಎಂದರೆ ಇಷ್ಟು: ಜೀನೋಮ್‌ನ ಜಿ ಅಕ್ಷರಗಳಾದ ನಾಲ್ಕು ಗ್ವಾನಿನ್‌ಗಳು ಕೈ ಹಿಡಿದು ಒಂದು ಚೌಕವಾಗುತ್ತವೆ, ಚೌಕದ ಮೇಲೆ ಚೌಕ ಕೂರುತ್ತದೆ, ನಡುವೆ ಪೊಟ್ಯಾಸಿಯಂ ಅಯಾನು ಸೇರಿ ಕಟ್ಟನ್ನು ಬಿಗಿ ಮಾಡುತ್ತದೆ. ಥಯೋಫ್ಲೇವಿನ್ ಅಣುವಿನ ಎರಡು ಭಾಗಗಳು ನೀರಿನಲ್ಲಿ ಒಂದು ಬಂಧದ ಸುತ್ತ ತಿರುಗುತ್ತಿರುವುದರಿಂದ ಅದು ಹೆಚ್ಚುಕಡಿಮೆ ಬೆಳಗುವುದೇ ಇಲ್ಲ. ತುದಿಯ ಚೌಕಕ್ಕೆ ಅಂಟಿಕೊಂಡಾಗ ತಿರುಗಾಟ ನಿಂತು, ಹೀರಿದ ಶಕ್ತಿ ಬೆಳಕಾಗಿ ಹೊರಬರುತ್ತದೆ. ಮುಂಬಯಿಯ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಮತ್ತು ಐಐಟಿಯ ವಿಜ್ಞಾನಿಗಳು 2013ರಲ್ಲಿ ಮಾನವ ಟೆಲೊಮಿಯರ್ (ಕ್ರೋಮೋಸೋಮ್‌ನ ತುದಿ) ಡಿಎನ್‌ಎ ಜೊತೆ ಈ ಹೊಳಪು ಸುಮಾರು 2,100 ಪಟ್ಟು ಏರುವುದನ್ನು ತೋರಿಸಿದರು. ನಮ್ಮ ದೇಶದಲ್ಲೇ ಆದ ಕೆಲಸ ಇದು, ವಿದ್ಯಾರ್ಥಿಗಳಿಗೆ ಹೇಳಲೇಬೇಕು.

ಮೊದಲ ತೊಂದರೆ ಸೀಸೆಯ ಲೇಬಲ್ಲಿನಲ್ಲೇ ಇರುತ್ತದೆ. ಮಾಮೂಲಿ ದರ್ಜೆಯ ಪುಡಿಯಲ್ಲಿ ನಿಜವಾದ ಡೈ 65ರಿಂದ 75 ಶೇಕಡಾ ಇರುವುದುಂಟು. ಹಾಗಾಗಿ 3.2 ಮಿಲಿಗ್ರಾಂ ತೂಗಿ 10 ಮಿಲಿಲೀಟರ್ ನೀರಿಗೆ ಹಾಕಿದರೆ ಲೆಕ್ಕದಲ್ಲಿ 1 ಮಿಲಿಮೋಲಾರ್, ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ನೂರು ಪಟ್ಟು ತೆಳು ಮಾಡಿ, 412 ನ್ಯಾನೊಮೀಟರ್‌ನಲ್ಲಿ ಹೀರಿಕೆ ನೋಡಿ. 0.36 ಬಂದರೆ ಸ್ಟಾಕ್ (ತೆಳು ಮಾಡುವ ಮೊದಲಿನ ದ್ರಾವಣ) ಸರಿಯಾಗಿ 1 ಮಿಲಿಮೋಲಾರ್. 0.25 ಬಂದರೆ ಸ್ಟಾಕ್ 0.7 ಮಿಲಿಮೋಲಾರ್ ಎಂದು ಬಾಟಲಿಯ ಮೇಲೆ ಬರೆದಿಡಿ.

ಬಫರ್ ಟ್ರಿಸ್ 10 ಮಿಲಿಮೋಲಾರ್, ಪಿಎಚ್ 7.4, ಪೊಟ್ಯಾಸಿಯಂ ಕ್ಲೋರೈಡ್ 100 ಮಿಲಿಮೋಲಾರ್. ಆಲಿಗೊವನ್ನು (ಪರೀಕ್ಷಿಸಬೇಕಾದ ಡಿಎನ್‌ಎ ಅಥವಾ ಆರ್‌ಎನ್‌ಎಯ ಚಿಕ್ಕ ತುಣುಕನ್ನು) ಇದರಲ್ಲಿ 10 ಮೈಕ್ರೊಮೋಲಾರ್ ಮಾಡಿ 95 ಡಿಗ್ರಿಯಲ್ಲಿ 5 ನಿಮಿಷ ಇಟ್ಟು, ನಿಧಾನವಾಗಿ ತಣಿಯಲು ಬಿಡಿ. ಕಪ್ಪು ಪ್ಲೇಟಿನ ಒಂದು ವೆಲ್‌ಗೆ (ಗುಳಿಗೆ) ಮಡಚಿದ ಆಲಿಗೊ 10 ಮೈಕ್ರೊಲೀಟರ್, 10 ಮೈಕ್ರೊಮೋಲಾರ್ ಡೈ 5, ಬಫರ್ 85. ಐದು ನಿಮಿಷದ ನಂತರ 425 ನ್ಯಾನೊಮೀಟರ್‌ನಲ್ಲಿ ಬೆಳಕು ಕೊಟ್ಟು 490ರ ಆಸುಪಾಸಿನಲ್ಲಿ ಓದಿ. ಡೈ ಹೆಚ್ಚು ಸುರಿದರೆ ಹೊಳಪು ಹೆಚ್ಚೀತೆಂದು ಭಾವಿಸಬೇಡಿ. ಅಣುಗಳು ತಮ್ಮತಮ್ಮಲ್ಲೇ ಗುಂಪುಗಟ್ಟಿ ಖಾಲಿ ವೆಲ್ ಕೂಡ ಬೆಳಗತೊಡಗುತ್ತದೆ.

ನಮ್ಮ ಊರಿನ ಬಿಸಿಲು ಕಾಡುವುದು ಇಲ್ಲೇ. ಮೇ ತಿಂಗಳಲ್ಲಿ ಹೊರಗೆ 40 ದಾಟಿರುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ ಹೀಟಿಂಗ್ ಬ್ಲಾಕ್ ಆಫ್ ಮಾಡಿ ಬಿಟ್ಟರೆ ಅದು 35ರ ಕೆಳಗೆ ಇಳಿಯುವುದೇ ಇಲ್ಲ. ಪ್ಲೇಟ್ ರೀಡರ್‌ನಲ್ಲಿ 25 ಎಂದು ಒತ್ತಿದರೂ ಪ್ರಯೋಜನವಿಲ್ಲ, ಹೆಚ್ಚಿನ ಯಂತ್ರಗಳಿಗೆ ಕಾಯಿಸಲು ಬರುತ್ತದೆಯೇ ಹೊರತು ತಣಿಸಲು ಬರುವುದಿಲ್ಲ. ಮೂರು ಚೌಕದ ರಚನೆ ಇದನ್ನು ತಡೆದುಕೊಂಡೀತು. ಕೋವಿಡ್ ವೈರಸ್‌ನಲ್ಲಿ ಇರುವಂಥವು ಎರಡೇ ಚೌಕದವು, ಅವು ಸಡಿಲ. ಬೆಳಿಗ್ಗೆ ಬೇಗ ಓದುವುದು, ಇಲ್ಲವೇ ಪ್ಲೇಟನ್ನೂ ಬಫರನ್ನೂ ತಣ್ಣಗಿನ ಕೋಣೆಯಲ್ಲಿಟ್ಟು ಕೆಲಸ ಮಾಡುವುದು ಒಳ್ಳೆಯದು. ನೀರಿನ ಮಾತೂ ಇದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದ ಗಾಜು ಸೋಡಿಯಂ, ಕ್ಯಾಲ್ಸಿಯಂ ಹೊತ್ತು ತರುತ್ತದೆ, ಆಗ ಪೊಟ್ಯಾಸಿಯಂ ಬದಲು ಲಿಥಿಯಂ ಹಾಕಿದ ಕಂಟ್ರೋಲ್ (ಮಡಿಕೆ ಬಿಗಿಯಾಗದ ಹೋಲಿಕೆ) ಕೂಡ ಕೆಡುತ್ತದೆ. ಬಫರ್‌ಗೆ ನ್ಯೂಕ್ಲಿಯೇಸ್ ಇಲ್ಲದ ನೀರಿನ ಬಾಟಲಿಯನ್ನೇ ಕೊಳ್ಳಿ.

ಹೊಸಬರು ಎಚ್‌ಐವಿಯ ಎಲ್‌ಟಿಆರ್-3 ತುಣುಕಿನಿಂದ ಶುರು ಮಾಡುವುದು ವಾಸಿ. 28 ಅಕ್ಷರದ ಡಿಎನ್‌ಎ ಅದು. ಒಣಪುಡಿ ರೂಪದಲ್ಲಿ ಹೈದರಾಬಾದ್‌ನಿಂದಲೋ ಬೆಂಗಳೂರಿನಿಂದಲೋ ಬೇಸಿಗೆಯ ಕೊರಿಯರ್‌ನಲ್ಲಿ ಬಂದರೂ ಕೆಡುವುದಿಲ್ಲ. ಕೋವಿಡ್ ವೈರಸ್‌ನ ಎನ್ ಜೀನಿನ ತುಣುಕು ಜಿಜಿ-ಸಿಯು-ಜಿಜಿ-ಸಿಎಎಯು-ಜಿಜಿ-ಸಿ-ಜಿಜಿ ಬೇಕಾದರೆ ಆರ್‌ಎನ್‌ಎಯನ್ನೇ ಮಾಡಿಸಬೇಕು. ಅದು ದುಬಾರಿ, ಬೆವರಿದ ಕೈ ತಗಲಿದರೂ ಹಾಳು. ಮಡಚಿಕೊಳ್ಳದ ಕಂಟ್ರೋಲ್ ತುಣುಕು ಮಾಡಿಸುವಾಗ ಜಿ ತೆಗೆದು ಎ ಹಾಕಿಸಬೇಡಿ. ಜಿ-ಎ ಸಾಲುಗಳ ಜೊತೆಗೂ ಈ ಡೈ ಬೆಳಗುತ್ತದೆ. ಟಿ ಅಥವಾ ಯು ಹಾಕಿಸಿ.

ಲಿಗ್ಯಾಂಡ್ (ಮಡಿಕೆಗೆ ಅಂಟುವ, ಔಷಧವಾಗಬಹುದಾದ ಅಣು) ಪರೀಕ್ಷೆಯಲ್ಲೇ ಹೆಚ್ಚಿನವರು ಮೋಸಹೋಗುತ್ತಾರೆ. ಲಿಗ್ಯಾಂಡ್ ಹಾಕಿದಾಗ ಹೊಳಪು ಇಳಿದರೆ ಅದು ಡೈಯನ್ನು ಹೊರತಳ್ಳಿತು ಎಂಬ ಅರ್ಥವೊಂದೇ ಅಲ್ಲ. ಟಿಎಂಪಿವೈಪಿ4 ಎಂಬ ಲಿಗ್ಯಾಂಡ್ ತಾನೇ 422ರ ಹತ್ತಿರ ಬೆಳಕು ನುಂಗುತ್ತದೆ. ಡೈಗೆ ಹೋಗಬೇಕಾದ ಬೆಳಕನ್ನೇ ಅದು ಕಸಿದರೆ ಅಂಕಿ ಸುಂದರವಾಗಿ ಬೀಳುತ್ತದೆ, ಫಲಿತಾಂಶ ಸುಳ್ಳಾಗಿರುತ್ತದೆ. ಗೋಚರ ಬೆಳಕು ಹೀರದ ಪೈರಿಡೊಸ್ಟಾಟಿನ್ ಎಂಬ ಲಿಗ್ಯಾಂಡ್ ಇಲ್ಲಿ ಒಳ್ಳೆಯ ಹೋಲಿಕೆ. ಜೊತೆಗೆ ಡೈ ಇಲ್ಲದೆ 295 ನ್ಯಾನೊಮೀಟರ್‌ನಲ್ಲಿ ಕರಗುವ ಉಷ್ಣತೆ (ಮಡಿಕೆ ಬಿಚ್ಚಿಕೊಳ್ಳುವ ಉಷ್ಣತೆ) ಅಳೆಯಿರಿ, ಸಾಧ್ಯವಿದ್ದರೆ ಸಿಡಿ (ಸರ್ಕ್ಯುಲರ್ ಡೈಕ್ರೋಯಿಸಂ) ಸ್ಪೆಕ್ಟ್ರಮ್‌ನಲ್ಲಿ ಸಮಾಂತರ ಮಡಿಕೆಯ 264ರ ಶಿಖರ ನೋಡಿ. ಡೈ ತಾನೇ ಮಡಿಕೆಯನ್ನು ಪ್ರಚೋದಿಸಬಲ್ಲದು, ಆದ್ದರಿಂದ ಅದಿಲ್ಲದ ಒಂದು ಅಳತೆ ಬೇಕೇ ಬೇಕು. ಮಾನವ ಟೆಲೊಮಿಯರ್ ತುಣುಕನ್ನೂ ಪಕ್ಕದಲ್ಲಿಡಿ. ನಮ್ಮ ಜೀನೋಮ್‌ನಲ್ಲೇ ಇಂಥ ತಾಣಗಳು ಲಕ್ಷಗಟ್ಟಲೆ ಇವೆ, ವೈರಸ್ಸಿನದನ್ನು ಬಿಟ್ಟು ಅವನ್ನೇ ಹಿಡಿಯುವ ಅಣುವಿನಿಂದ ರೋಗಿಗೆ ಉಪಕಾರವಿಲ್ಲ.

ಒಂದು ವೆಲ್‌ಗೆ ಬೇಕಾಗುವುದು ಸುಮಾರು 16 ನ್ಯಾನೊಗ್ರಾಂ ಡೈ. ಸಿಗುವ ಅತಿ ಚಿಕ್ಕ ಸೀಸೆ ಕೊಂಡರೆ ವರ್ಷಗಟ್ಟಲೆ ಸಾಕು. ಸ್ಟಾಕನ್ನು ಫಾಯಿಲ್ ಸುತ್ತಿ ಫ್ರಿಜ್ಜಿನಲ್ಲಿಡಿ, ಕ್ಷಾರದ ಬಫರ್‌ನಲ್ಲಿ ಕಲಸಿಡಬೇಡಿ, ಪ್ರತಿ ಬಾರಿ ಬಳಸುವ ಮುನ್ನ 412ರ ಹೀರಿಕೆಯನ್ನು ಮತ್ತೊಮ್ಮೆ ನೋಡಿ.